ಒಯ್ಯೋರು ಹಾಡಬೇಕು

ಒಂದು ಕಾಲಕ್ಕೆ ಗದಗಿನ ಕಲ್ಮಠರ ಹಾರ್ಮೋನಿಯಂ ಕಾರ್ಖಾನೆಯ ಮುಂದೆ ನಾಟಕ ಕಂಪನಿಯವರು ವಾರಗಟ್ಟಲೆ ಕಾದು ಕೂರುತ್ತಿದ್ದರು. ಈಗ ಸಾಲ ತೀರದೆ, ಬ್ಯಾಂಕಿನ ಸಾಹೇಬರು ಲಾರಿ ಸಮೇತ ಬಂದಿದ್ದರು.

"ತಯಾರಾದ ಮಾಲೆಲ್ಲ ಜಪ್ತಿ. ಆ ಏಳೂ ಹಾರ್ಮೋನಿಯಂ ಪೇಟಿ ಲಾರಿಗೆ ಹಾಕಿಸು."

ನಲವತ್ತು ವರ್ಷದಿಂದ ಸ್ವರ ಕೂಡಿಸುತ್ತಿದ್ದ ಇಮಾಮಸಾಬ ಚಾಳೀಸಿನ ಗಾಜು ಒರೆಸಿಕೊಂಡ. "ಅವು ಇನ್ನೂ ತಯಾರಾಗಿಲ್ರೀ. ಒಯ್ಯೋರು ಎದುರು ಕೂತು ಹಾಡಬೇಕು. ಅವರ ದನಿ ಕೇಳಿ ನಾನು ಕಡೀ ಸ್ವರ ಕೂಡಿಸಬೇಕು. ನಮ್ಮಲ್ಲಿ ಮೊದಲಿಂದ ಹಂಗ. ಇವತ್ತು ಒಯ್ಯೋರು ನೀವು."

ಸಾಹೇಬರು ಗದರಿದರು. ಇಮಾಮಸಾಬ ಚಾಪೆ ಹಾಸಿ, ಒಂದು ಪೇಟಿ ಎದುರಿಟ್ಟು ಅದರ ತಿದಿ ಒತ್ತಿದ. ಬೇಗ ಮುಗಿಯಲೆಂದು ಸಾಹೇಬರು ಕೂತು, ತಮ್ಮಪ್ಪ ನಾಟಕದಲ್ಲಿ ಹಾಡುತ್ತಿದ್ದ ಪದವೊಂದನ್ನು ಗುನುಗಿದರು. ಎರಡನೆಯ ಸಾಲಿಗೆ ದನಿ ಬಿಚ್ಚಿತು. ಮೂರನೆಯದಕ್ಕೆ ತಾವೇ ತೊಡೆಯ ಮೇಲೆ ತಾಳ ಹಾಕತೊಡಗಿದರು.

ಊಟದ ಹೊತ್ತು ಮೀರಿದಾಗ ಒಂದು ಪೇಟಿ ಮುಗಿದಿತ್ತು.

"ಇದು ತಯಾರಾತ್ರಿ. ಲಾರಿಗೆ ಹಾಕಿಸಲೇನ್ರಿ? ಇನ್ನೂ ಆರು ಅದಾವ."

ಸಾಹೇಬರು ಪೇಟಿಯ ಮೇಲಿಂದ ಕೈ ತೆಗೆಯಲಿಲ್ಲ. 'ತಯಾರಾಗದ ಪೇಟಿ ಆರು, ಮಾರಿಹೋದದ್ದು ಒಂದು' ಎಂದು ವರದಿ ಬರೆದು, ಲಾರಿಯನ್ನು ಖಾಲಿ ಕಳಿಸಿದರು. ಆಮೇಲೆ ತಮ್ಮ ಹಣದ ಪಾಕೀಟು ತೆಗೆದರು.

"ಇದರಾಗ ನಮ್ಮಪ್ಪ ಅದಾನ. ಬಿಲ್ ಮಾಡ್ರಿ, ಉಸ್ತಾದ್."