ಹರಾಜುಗಾರನ ಲ್ಯಾಪ್‌ಟಾಪ್

"ಗುರುಗಳೇ, ತಂಗಿಗೆ ಒಂದು ಲ್ಯಾಪ್‌ಟಾಪ್ ಕೊಡಿಸಬೇಕು. ಅವಳಿರುವ ಹಾಸ್ಟೆಲಿನಲ್ಲಿ ಕರೆಂಟು ಸರಿಯಾಗಿ ಇರುವುದಿಲ್ಲ. ಬ್ಯಾಟರಿ ಹೆಚ್ಚು ಹೊತ್ತು ಬರಬೇಕು, ಫೋನಿನ ಟೈಪ್-ಸಿ ವೈರಿನಲ್ಲೇ ಚಾರ್ಜೂ ಆಗಬೇಕು. ಆದರೆ ವಿಚಾರಿಸಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಾರೆ. ಒಳ್ಳೆಯದನ್ನು ಆರಿಸುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದನು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಹರಾಜುಗಾರನಿದ್ದನು. ಕೊಬ್ಬರಿ ಮಂಡಿಯಲ್ಲಿ ಅವನು ಸವಾಲು ಕೂಗಿದರೆ ಬೀದಿಯ ಆಚೆ ತುದಿಗೂ ಕೇಳಿಸುತ್ತಿತ್ತು. ಅವನ ಗಂಟಲಲ್ಲಿ ಗಡ್ಡೆ ಬೆಳೆಯಿತು. ವೈದ್ಯರು ಪ್ರಾಣ ಉಳಿಸಿದರು. ಧ್ವನಿಯನ್ನು ಉಳಿಸಲಾಗಲಿಲ್ಲ.

ಅಂದಿನಿಂದ ಅವನು ಒಂದು ಹಳೆಯ ಲ್ಯಾಪ್‌ಟಾಪಿನ ಮೂಲಕ ಮಾತಾಡತೊಡಗಿದನು. ಅವನು ಅಕ್ಷರ ಒತ್ತಿದರೆ ಅದು ಓದಿ ಹೇಳುತ್ತಿತ್ತು. ಆದರೆ ಅದರ ಬ್ಯಾಟರಿ ಸೋತಿತ್ತು. ಕರೆಂಟು ಹೋದರೆ ಅರ್ಧ ಮಾತಿಗೇ ನಿಂತುಬಿಡುತ್ತಿತ್ತು. ಅವನ ಬೆರಳುಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಒತ್ತುತ್ತಲೇ ಇರುತ್ತಿದ್ದವು. ಅದನ್ನು ನೋಡಲಾರದೆ ಅವನ ಹೆಂಡತಿ, ಮಾತು ನಡುವೆ ನಿಲ್ಲದಂಥ ಹೊಸದೊಂದನ್ನು ತರಬೇಕೆಂದು ನಿಶ್ಚಯಿಸಿದಳು.

ಬೆಳಗ್ಗೆ ಅಡುಗೆ ಮಾಡಿ ಮುಚ್ಚಿಟ್ಟು ಅವಳು ಪೇಟೆಗೆ ಹೋಗುತ್ತಿದ್ದಳು. ಒಬ್ಬ ಅಂಗಡಿಯವನು ಹದಿನೆಂಟು ಗಂಟೆ ಬರುತ್ತದೆ ಎಂದನು. ಇನ್ನೊಬ್ಬನು ಅದೇ ಲ್ಯಾಪ್‌ಟಾಪನ್ನು ನೋಡಿ ಒಂಬತ್ತೂ ಬಾರದು ಎಂದನು. ಒಂದರಲ್ಲಿ ಟೈಪ್-ಸಿ ಕಿಂಡಿಯಿತ್ತು, ಆದರೆ ಅದರಿಂದ ಚಾರ್ಜ್ ಆಗುತ್ತಿರಲಿಲ್ಲ. ಮತ್ತೊಂದರಲ್ಲಿ ಆಗುತ್ತಿತ್ತು, ಆದರೆ ಫೋನಿನ ಚಾರ್ಜರಿಗೆ ಅಷ್ಟು ಶಕ್ತಿಯಿರಲಿಲ್ಲ. ಇನ್ನೇನು ಕೊಳ್ಳಬೇಕು ಎನ್ನುವಾಗ, ದೀಪಾವಳಿಗೆ ಇದಕ್ಕಿಂತ ಒಳ್ಳೆಯದು ಬರುತ್ತದೆ ಎಂದು ಯಾರೋ ಹೇಳಿದರು. ಅವಳು ಬರಿಗೈಯಲ್ಲಿ ಮನೆಗೆ ಬಂದಳು. ಮರುದಿನ ಬೇರೆ ಪೇಟೆಗೆ ಹೋದಳು. ಹೀಗೆಯೇ ತಿಂಗಳುಗಳು ಕಳೆದವು. ಊಟಕ್ಕೆ ಕುಳಿತರೂ ಅವಳ ತಲೆಯಲ್ಲಿ ಗಂಟೆಗಳೂ ವ್ಯಾಟುಗಳೂ ಸುತ್ತುತ್ತಿದ್ದವು.

ಕೊನೆಗೆ ಒಬ್ಬ ವ್ಯಾಪಾರಿ ಕೇಳಿದನು: "ಅಮ್ಮಾ, ನಿಮ್ಮ ಯಜಮಾನರು ದಿನಕ್ಕೆ ಎಷ್ಟು ಹೊತ್ತು ಮಾತಾಡುತ್ತಾರೆ? ಅದು ಗೊತ್ತಾದರೆ ಯಾವುದು ಸಾಕೆಂದು ಹೇಳಬಲ್ಲೆ."

ಅವಳು ಅದನ್ನು ಎಂದೂ ಗಮನಿಸಿರಲಿಲ್ಲ. ಮನೆಗೆ ಬಂದು ಗಂಡನನ್ನೇ ಕೇಳಿದಳು.

ಅವನು ನಿಧಾನವಾಗಿ ಅಕ್ಷರಗಳನ್ನು ಒತ್ತಿದನು. ಲ್ಯಾಪ್‌ಟಾಪ್ ಓದಿತು: "ನೀನು ಬಂದಾಗ ಬಂದೆಯಾ ಅನ್ನುತ್ತೇನೆ. ಮಲಗುವಾಗ ಲೈಟು ಆರಿಸು ಅನ್ನುತ್ತೇನೆ. ಅಷ್ಟಕ್ಕೆ ಇದೇ ಸಾಕು."

ಕೈಯಲ್ಲಿದ್ದ ಚೀಲವನ್ನು ಕೆಳಗಿಡುವುದನ್ನೂ ಮರೆತು ಅವಳು ನಿಂತಳು. ಇಷ್ಟು ದಿನ ತಾನು ಅಲೆದದ್ದು ಯಾರಿಗಾಗಿ ಎಂಬುದೇ ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಅವಳು ಒಬ್ಬಳೇ ಹೋಗಲಿಲ್ಲ. ಗಂಡನನ್ನು ಕರೆದುಕೊಂಡು ಹತ್ತಿರದ ಅಂಗಡಿಗೇ ಹೋದಳು. ಅವನು ಅಲ್ಲಿದ್ದವುಗಳ ಮೇಲೆ ಬೆರಳಾಡಿಸಿ, ಗುಂಡಿಗಳು ಮೆತ್ತಗಿದ್ದ ಒಂದನ್ನು ತೋರಿಸಿದನು. ಟೈಪ್-ಸಿ ವೈರನ್ನು ಅಲ್ಲೇ ಚುಚ್ಚಿ ನೋಡಿದರು. ಚಾರ್ಜ್ ಆಯಿತು. ಬ್ಯಾಟರಿ ಇಡೀ ದಿನ ಬರುತ್ತದೆ ಎಂದು ಅಂಗಡಿಯವನು ಹೇಳಿದನು. ಕೊಂಡು ತಂದರು. ಆಮೇಲೆ ಅವಳು ಪೇಟೆ ಅಲೆಯುವುದನ್ನು ಬಿಟ್ಟು ಮನೆಯಲ್ಲಿ ಗಂಡನ ಬಳಿ ಮಾತಿಗೆ ಕುಳಿತಳು.

ಇಷ್ಟಕ್ಕೆ ಗುರುಗಳು ಕಥೆ ಮುಗಿಸಿದರು. ಶಿಷ್ಯನ ಗೊಂದಲ ಹಾಗೆಯೇ ಇತ್ತು.

"ಗುರುಗಳೇ, ಹಾಗಾದರೆ ಆ ಲ್ಯಾಪ್‌ಟಾಪ್ ಒಳ್ಳೆಯದಾಯಿತೇ? ಅಂಗಡಿಯವನು ಹೇಳಿದಂತೆ ಅದರ ಬ್ಯಾಟರಿ ಇಡೀ ದಿನ ಬಂತೇ?"

"ಇಲ್ಲ, ಅವರ ಮನೆಯಲ್ಲಿ ಈಗ ಅದು ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ" ಎಂದರು ಗುರುಗಳು.