ಬಿಗಿಯಾದ ತಿರುಪು

ಶಾಲೆಯ ಕಂಪ್ಯೂಟರಿನ ಬೆನ್ನಿಗೆ ಹೊಸ ಯುಎಸ್‌ಬಿ ಪೋರ್ಟು ಬಂದು ಸೇರಿದ್ದು ಒಂದು ಸಾಮಾನ್ಯ ಸೋಮವಾರ. ಅಂದೇ ಪಕ್ಕದ ಹಳೆಯ ಪ್ರಿಂಟರ್ ಪೋರ್ಟಿಗೆ ಅನುಮಾನ ಹುಟ್ಟಿತು: ನನ್ನ ಪ್ರಿಂಟರನ್ನು ಇವನು ಒಲಿಸಿಕೊಂಡುಬಿಟ್ಟರೆ?

"ಏನಯ್ಯಾ, ನಿನಗೊಂದು ತಿರುಪೂ ಇಲ್ಲವಲ್ಲ! ಬೆಳಿಗ್ಗೆ ಮೌಸು, ಮಧ್ಯಾಹ್ನ ಪೆನ್‌ಡ್ರೈವು. ನಿನ್ನವರು ಅಂತ ಯಾರಿದ್ದಾರೆ?"

"ಬಂದವರೆಲ್ಲ ನನ್ನವರೇ, ಯಜಮಾನರೇ. ಹೋಗುವವರನ್ನು ಹಿಡಿಯುವುದಿಲ್ಲ."

"ಕದಿಯುವವರ ಮಾತೇ ಹೀಗೆ! ನನ್ನ ಕೇಬಲ್ಲಿಗೆ ಎಡಕ್ಕೊಂದು, ಬಲಕ್ಕೊಂದು ತಿರುಪಿದೆ. ಯಾರು ಬಿಡಿಸುತ್ತಾರೋ ನೋಡೋಣ."

ಆಮೇಲೆ ಅದು ಯುಎಸ್‌ಬಿಯ ಮೇಲಿಟ್ಟ ಕಣ್ಣು ತೆಗೆಯಲೇ ಇಲ್ಲ. ರಜೆ ಮುಗಿದ ಮೇಲೆ ಹೊಸ ಪ್ರಿಂಟರೊಂದು ಬಂತು. ಅದರ ತಂತಿ ಯುಎಸ್‌ಬಿಗೆ ಸೇರಿತು.

"ನನ್ನದನ್ನು ನೀನು ಮುಟ್ಟಿಲ್ಲ ತಾನೆ?" ಎಂದಿತು ಹಳೆಯ ಪೋರ್ಟು.

"ಇಲ್ಲ, ಯಜಮಾನರೇ."

ಅದು ತಿರುಪುಗಳನ್ನು ನೋಡಿಕೊಂಡಿತು. ಎರಡೂ ಬಿಗಿಯಾಗಿಯೇ ಇದ್ದವು.

ಕೇಬಲ್ಲಿನ ಇನ್ನೊಂದು ತುದಿ ನೆಲದ ಮೇಲಿತ್ತು.