ಮರ ತುಂಬಿದ ಬೋಳುಗುಡ್ಡ

ಕೂಗಲಗೆರೆಯ ಪಡುವಣಕ್ಕಿರುವ ಗುಡ್ಡವನ್ನು ಕಂಡವರು ಮೊದಲು ನಗುತ್ತಾರೆ. ಬುಡದಿಂದ ನೆತ್ತಿಯವರೆಗೆ ಹೊಂಗೆ, ಕಮರ, ತುಗ್ಗಲಿ. ಮೇಕೆ ನುಗ್ಗಿದರೆ ಬಾಲವೂ ಕಾಣದಷ್ಟು ದಟ್ಟ. ಹೆಸರು ಮಾತ್ರ ಬೋಳುಗುಡ್ಡ. ನೆತ್ತಿಯಲ್ಲಿ ಊರದೇವತೆ ಕೆಂಚವ್ವನ ಗುಂಡುಕಲ್ಲು, ಅದರಡಿ ಬೇಸಿಗೆಯಲ್ಲೂ ಬತ್ತದ ಒರತೆ, ಕೆಳಗಿನ ಇಳಿಜಾರಿನಲ್ಲಿ ತುಕ್ಕು ಹಿಡಿದ ಒಂದು ಫಿರಂಗಿ. "ಹೆಸರಿಟ್ಟವನಿಗೆ ಕಣ್ಣಿರಲಿಲ್ಲವೇ?" ಎಂದು ಕೇಳಿದವರಿಗೆ ಊರ ಹಿರಿಯರು, "ಬೋಳಾಗಿದ್ದು ಗುಡ್ಡವಲ್ಲಪ್ಪ, ಕೂತ್ಕೊ" ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಆಳುತ್ತಿದ್ದ ಪಾಳೇಗಾರ ಕರಿಬೊಮ್ಮನಾಯಕನ ಮೇಲೆ ಶತ್ರುಗಳ ದಂಡು ಏರಿಬರುವ ಸುದ್ದಿ ಹಬ್ಬಿತು. ನಾಯಕನು ಕಡಲಾಚೆಯ ಫ್ರೆಂಚ್ ರಾಜಮನೆತನದ ಅರ್ಮಾನ್ ಎಂಬುವವನನ್ನು ಫಿರಂಗಿಪಡೆಯ ದಳಪತಿಯಾಗಿ ಕರೆಸಿದನಂತೆ. ಊರಿನ ಬಾಯಲ್ಲಿ ಅವನು ಪರಂಗಿ ದೊರೆಮಗ. ಮೊಣಕಾಲು ಮುಟ್ಟುವ ಬೂಟು, ಹೆಗಲವರೆಗೆ ಸುರುಳಿ ಸುರುಳಿಯಾಗಿ ಇಳಿದ ಬಿಳಿಗೂದಲು. ಮುಖ ನೋಡಿದರೆ ಮದುವೆ ಗಂಡು, ಕೂದಲು ನೋಡಿದರೆ ಮುತ್ತಜ್ಜ! ಆತ ಗುಡ್ಡವನ್ನು ದಿಟ್ಟಿಸಿ, ಗುಂಡುಕಲ್ಲನ್ನು ಮದ್ದಿಟ್ಟು ಸಿಡಿಸಿ ಅಲ್ಲೇ ಫಿರಂಗಿ ನಿಲ್ಲಿಸಬೇಕು ಎಂದ. ಕಲ್ಲು ಹೋದರೆ ಒರತೆಯ ಬಾಯಿ ಮುಚ್ಚುತ್ತದೆ, ಊರಿಗೆ ಕುಡಿಯಲು ಬೇರೆ ನೀರಿಲ್ಲ. ಜನ ತಲೆ ತಗ್ಗಿಸಿ ಹಿಂದೆ ಸರಿದರು. ಪೂಜಾರ್ತಿ ಪಾಲಮ್ಮ ಮಾತ್ರ ನಾಯಕನೆದುರು ನಿಂತು, "ಹೊಸದಾಗಿ ಗುಡ್ಡ ಹತ್ತಿದವರು ಅವ್ವನಿಗೆ ಮುಡಿ ಕೊಡದೆ ಕಲ್ಲು ಮುಟ್ಟುವಂಗಿಲ್ಲ, ಬುದ್ಧೀ. ತಾವೂ ಹಿಂದೆ ಕೊಟ್ಟಿದ್ದೀರಿ" ಎಂದಳು. ನಾಯಕನು ಇಲ್ಲವೆನ್ನಲಾರ. ದುಭಾಷಿ ಸವರಿರಾಯನು ದೊರೆಮಗನಿಗೆ ವಿಷಯ ತಿಳಿಸಿದ. ಆತನ ಮುಖ ಕೆಂಪಾಯಿತು. ಕೊನೆಗೆ, ಒಂದು ಕುಚ್ಚು ಕತ್ತರಿಸಿಕೊಳ್ಳಲಿ ಎಂದು ಕಲ್ಲಿನ ಮುಂದೆ ಕೂತ.

ಆ ತಲೆ ಕ್ಷೌರಿಕ ದುರುಗಯ್ಯನ ಪಾಲಿಗೆ ಬಂತು. ಚಿಕ್ಕ ಗಾಯವಾದರೂ ತನ್ನ ತಲೆ ಉಳಿಯದೆಂದು ಅವನಿಗೆ ಗೊತ್ತಿತ್ತು. "ರಾಜರ ತಲೆ ಕಣೋ, ಕುರಿ ಉಣ್ಣೆಯಲ್ಲ" ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು. ಪದ್ಧತಿಯಂತೆ ದುರುಗಯ್ಯ ಮೊದಲು ಕೂದಲಿಗೆ ನೀರು ಹೊಯ್ದ. ತಲೆಯಿಂದ ಬೆಳ್ಳನೆಯ ಗಂಜಿಯಂಥದ್ದು ಇಳಿದು ದೊರೆಮಗನ ಕಿವಿ, ಕೆನ್ನೆ, ಕುತ್ತಿಗೆಯ ಮೇಲೆ ಹರಿಯಿತು. "ಅಯ್ಯೋ, ಮಿದುಳು!" ಎಂದು ಒಬ್ಬಳು ಕೂಗಿದಳು. ಗಾಬರಿಯಲ್ಲಿ ದುರುಗಯ್ಯ ಕುಚ್ಚನ್ನು ಬಿಗಿಯಾಗಿ ಹಿಡಿದ. ಇಡೀ ಕೂದಲು, ಕಡುಬಿನ ಮೇಲಿನ ಎಲೆಯಂತೆ, ಅವನ ಕೈಗೆ ಬಂತು.

"ನಾನೇನೂ ಮಾಡಿಲ್ಲ ಸ್ವಾಮೀ! ಕತ್ತಿ ಇನ್ನೂ ಚೀಲದಾಗೇ ಐತೆ!" ಎಂದು ದುರುಗಯ್ಯ ಆ ಕೂದಲನ್ನು ಎದೆಗವಚಿಕೊಂಡೇ ಅಡ್ಡಬಿದ್ದ. ಕತ್ತಿ ತಾಕದೆ ಅವ್ವನೇ ಮುಡಿ ತೆಗೆದುಕೊಂಡಳೆಂದು ನಾಯಕನೂ ಮಂಡಿಯೂರಿದ. ದುರುಗಯ್ಯ ತಲೆ ಎತ್ತಿ ನೋಡಿದರೆ, ದೊರೆಮಗನ ನೆತ್ತಿಯ ತುಂಬ ಸುಟ್ಟು ಮುದುಡಿದ ಚರ್ಮ. ಆಮೇಲೆ ಸವರಿರಾಯ ಮೆಲ್ಲಗೆ ಹೇಳಿದನಂತೆ: ಅದು ಬಿಳಿ ಹಿಟ್ಟು ಪೂಸಿದ ಕಟ್ಟುಗೂದಲು; ಮೀಸೆ ಮೂಡುವ ಮೊದಲೇ ಇವನ ಕೈಗೆ ಸೈನ್ಯ ಕೊಟ್ಟರು, ಗೆದ್ದ ಯುದ್ಧದಲ್ಲೇ ಮದ್ದಿನ ಪೀಪಾಯಿ ಸಿಡಿದು ತಲೆ ಸುಟ್ಟಿತು, ಇವನ ಹೆಸರು ತನ್ನ ಹೆಸರಿಗಿಂತ ದೊಡ್ಡದಾಯಿತೆಂದು ಪಟ್ಟದಲ್ಲಿದ್ದ ಅಣ್ಣ ಕಡಲು ದಾಟಿಸಿದ. ಬರಿದಲೆಯನ್ನು ಅಂದಿನವರೆಗೆ ಯಾರಿಗೂ ತೋರಿಸಿದವನಲ್ಲ.

ಪಾಲಮ್ಮ ಇದಾವುದನ್ನೂ ಕೇಳಲು ನಿಲ್ಲಲಿಲ್ಲ. ಮುಡಿ ಕೊಟ್ಟ ಮಕ್ಕಳಿಗೆ ಹಚ್ಚುವಂತೆ ಗಂಧ ತೇಯ್ದು, ಆ ಸುಟ್ಟ ನೆತ್ತಿಗೆ ಅಂಗೈ ತುಂಬ ಸವರಿದಳು. ಆತ ಬೆಚ್ಚಿ, ಇದೇನೆಂದು ದುಭಾಷಿಯನ್ನು ಕೇಳಿದ. "ಇನ್ನು ನೀನು ಅವ್ವನ ಮಗ ಅಂತಾಳೆ, ದೊರೆ." ದೊರೆಮಗ ಗುಂಡುಕಲ್ಲನ್ನು ನೋಡಿದ, ಮದ್ದಿನ ಚೀಲಗಳನ್ನು ನೋಡಿದ. "ಹಾಗಾದರೆ ಅವ್ವನ ಮನೆ ಹೇಗೆ ಒಡೆಯಲಿ?" ಎಂದು ಫಿರಂಗಿಯನ್ನು ಕೆಳಗಿನ ಇಳಿಜಾರಿಗೆ ಇಳಿಸಿದ.

ಫಿರಂಗಿಗೆಂದು ಮರ ಸವರಿದ್ದ ಆ ಜಾಗದಲ್ಲಿ ಮರೆಯಿರಲಿಲ್ಲ. ದಂಡು ಬಂದಾಗ ಶತ್ರುಗಳನ್ನು ಓಡಿಸಿದ್ದೂ ಆ ಫಿರಂಗಿಯೇ, ಅದರ ಪಕ್ಕದಲ್ಲೇ ಎದೆಗೆ ಗುಂಡು ತಾಗಿ ಬಿದ್ದದ್ದೂ ದೊರೆಮಗನೇ. ದುರುಗಯ್ಯ ಅವನ ಕಣ್ಣು ಮುಚ್ಚಿದ. ಸತ್ತವನಿಗಾಗಿ ತಲೆ ಬೋಳಿಸಿಕೊಳ್ಳಬೇಕಾದವರು ರಕ್ತಸಂಬಂಧಿಗಳು. ಇವನ ಅಣ್ಣ ಏಳು ಕಡಲಾಚೆ. "ಅವ್ವನ ಮಗನಿಗೆ ನಾವಿಲ್ವಾ?" ಎಂದು ದುರುಗಯ್ಯ ತನ್ನ ತಲೆಯನ್ನೇ ಮೊದಲು ಬೋಳಿಸಿಕೊಂಡ. ಆಮೇಲೆ ಊರ ಗಂಡಸರೆಲ್ಲ ಸಾಲಾಗಿ ಕೂತರು, ನಾಯಕನೂ ಕೂತ. ಶತ್ರುಗಳ ಬೇಹುಗಾರ ದೂರದಿಂದ ಇಣುಕಿದಾಗ ಆ ಇಳಿಜಾರಿನ ತುಂಬ ಬೋಳುತಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವಂತೆ. ಬೆಚ್ಚಿ ಓಡಿದ ಅವನ ಬಾಯಲ್ಲೇ ಆ ಹೆಸರು ಮೊದಲು ಹುಟ್ಟಿತು ಎನ್ನುತ್ತಾರೆ.

ಫಿರಂಗಿ ಇಂದಿಗೂ ಇಳಿಜಾರಿನಲ್ಲೇ ಇದೆ, ಒರತೆಯ ನೀರು ಇಂದಿಗೂ ತಣ್ಣಗಿದೆ. ಮುಡಿ ಕೊಡಲು ಹೋದವರ ತಲೆಗೆ ದುರುಗಯ್ಯನ ವಂಶದವರು ನೀರು ಹೊಯ್ದು, ಕತ್ತಿ ತೆಗೆಯುವ ಮೊದಲು ಕೂದಲನ್ನು ಒಮ್ಮೆ ಎಳೆದು ನೋಡುತ್ತಾರೆ. ಹೊಸಬರು "ಅಯ್ಯೋ" ಎನ್ನುತ್ತಾರೆ, ನೆರೆದವರು ನಗುತ್ತಾರೆ. ಎಳೆದವನು ಮಾತ್ರ ನಗುವುದಿಲ್ಲ; ಕೂದಲು ಕೈಗೆ ಬರಲಿಲ್ಲವೆಂದು ಖಾತ್ರಿಯಾದ ಮೇಲೆ, ಇಳಿಜಾರಿನ ಕಡೆಗೆ ತಿರುಗಿ ಕೈಮುಗಿಯುತ್ತಾನೆ.